ಮಾಜಿ ಸೈನಿಕರು ತೀರಿಕೊಂಡಾಗ: ಅಂತ್ಯಕ್ರಿಯೆ, ಗೌರವ, ಕುಟುಂಬ ಪಿಂಚಣಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಪ್ಪ ಸೇನೆಯಲ್ಲಿದ್ದವರು. ಅವರು ತೀರಿಕೊಂಡ ದಿನ ಮನೆ ತುಂಬ ಜನ ಸೇರಿದ್ದರು. ಚಪ್ಪರ ಹಾಕಲು, ಕಟ್ಟಿಗೆ ತರಲು, ಅಡುಗೆ ನೋಡಿಕೊಳ್ಳಲು ಕೈಗಳಿದ್ದವು. ಆದರೆ ಯಾವ ಕಚೇರಿಗೆ ಮೊದಲು ಹೇಳಬೇಕು, ಯಾವ ಕಾಗದ ಹುಡುಕಬೇಕು ಎಂದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಅಮ್ಮನ ಕೈಗೆ ಕುಟುಂಬ ಪಿಂಚಣಿ ಬರಲು ಎಂಟು ತಿಂಗಳು ಬೇಕಾಯಿತು. ಅದರಲ್ಲಿ ಹೆಚ್ಚಿನ ದಿನಗಳು ಕಳೆದದ್ದು ಹೆಸರಿನ ಒಂದು ಅಕ್ಷರದ ವ್ಯತ್ಯಾಸಕ್ಕಾಗಿ.

ಆಮೇಲೆ ಮಂಗಳೂರು, ಉಡುಪಿ, ಕಾರ್ಕಳ, ಕುಂದಾಪುರ ಕಡೆಯ ಮನೆಯವರು ಒಬ್ಬೊಬ್ಬರಾಗಿ ಕೇಳತೊಡಗಿದರು. ಅವರ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಂತ್ಯಕ್ರಿಯೆಯ ಹೆಸರಿನಲ್ಲಿ ಸಿಗುವ ನೆರವು ಸಣ್ಣದು. ಉಳಿದವರ ಬದುಕಿಗೆ ಸಿಗಬೇಕಾದದ್ದು ದೊಡ್ಡದು. ಅದು ಬೇಗ ಸಿಗುವುದೋ ತಡವಾಗುವುದೋ ಎಂಬುದು ಆ ಮಾಜಿ ಸೈನಿಕರು ಬದುಕಿದ್ದಾಗ ಕಾಗದಗಳು ಹೇಗಿದ್ದವು ಎನ್ನುವುದರ ಮೇಲೆ ನಿಂತಿದೆ.

ಮನೆಯಲ್ಲೇ ತೀರಿಕೊಂಡಿದ್ದಾರೆ. ಮೊದಲ ದಿನ ಏನೆಲ್ಲ ಮಾಡಬೇಕು?

ಮೊದಲು ಅವರನ್ನು ನೋಡುತ್ತಿದ್ದ ಡಾಕ್ಟರನ್ನು ಕರೆಸಿ, ಸಾವಿನ ಕಾರಣ ಬರೆದ ಪ್ರಮಾಣಪತ್ರ ತೆಗೆದುಕೊಳ್ಳಿ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅದನ್ನು ಅವರೇ ಕೊಡುತ್ತಾರೆ. ರಸ್ತೆ ಅಪಘಾತ, ಬಾವಿಗೆ ಬಿದ್ದದ್ದು, ಹಾವು ಕಚ್ಚಿದ್ದು ಇಂಥವಾದರೆ ಪೊಲೀಸರಿಗೆ ತಿಳಿಸಲೇಬೇಕು, ಮರಣೋತ್ತರ ಪರೀಕ್ಷೆ ಆಗಲೇಬೇಕು. "ಸುಮ್ನೆ ದೇಹ ಕೊಯ್ಯಿಸುವುದು ಯಾಕೆ" ಎಂದು ಹಿರಿಯರು ಬೇಡ ಅನ್ನಬಹುದು. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಆ ವರದಿ ಇಲ್ಲದೆ ಅಪಘಾತ ವಿಮೆಯ ಹಣ ಬರುವುದು ತುಂಬ ಕಷ್ಟ.

ಆಮೇಲೆ ಮಂಗಳೂರಿನಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಉಪನಿರ್ದೇಶಕರ ಕಚೇರಿಗೆ ಒಂದು ಫೋನ್ ಮಾಡಿ. ಊರಿನ ಮಾಜಿ ಸೈನಿಕರ ಸಂಘದವರಿಗೂ ತಿಳಿಸಿ. ಸಂಘದವರು ಬಂದು ನಿಂತರೆ ಅರ್ಧ ಭಾರ ಇಳಿದ ಹಾಗೆ. ಯಾವ ಅರ್ಜಿ ಎಲ್ಲಿಗೆ ಎನ್ನುವುದು ಅವರಿಗೆ ಬಾಯಿಪಾಠ.

ಇಷ್ಟು ಸಾಕು. ಉಳಿದ ಕಾಗದ ಪತ್ರಗಳನ್ನು ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮೇಲೆ ನೋಡಿಕೊಳ್ಳಬಹುದು.

ಅಂತ್ಯಕ್ರಿಯೆಯ ಖರ್ಚಿಗೆ ಸರ್ಕಾರ ದುಡ್ಡು ಕೊಡುತ್ತದೆಯಾ?

ನಿವೃತ್ತರಾಗಿ ಊರಿನಲ್ಲಿದ್ದವರು ತೀರಿಕೊಂಡರೆ ಖರ್ಚನ್ನು ಪೂರ್ತಿ ಸರ್ಕಾರವೇ ನೋಡಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಸೈನಿಕ ಕಲ್ಯಾಣ ಇಲಾಖೆಯ ನೆರವಿನ ನಿಧಿಗಳಿವೆ. ಅವು ಹೆಚ್ಚಾಗಿ ಸಣ್ಣ ರ‍್ಯಾಂಕ್‌ನವರ, ಕಷ್ಟದಲ್ಲಿರುವ ಕುಟುಂಬಗಳಿಗಾಗಿ ಇರುವಂಥವು. ಮರಣ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಕಚೇರಿಗೆ ಹೋಗಿ, ಅಂತ್ಯಕ್ರಿಯೆಯ ಸಹಾಯಧನಕ್ಕೆ ಅರ್ಜಿ ಹಾಕಬೇಕೆಂದು ನೇರವಾಗಿ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ನಮ್ಮ ಕಡೆಯ ಎಷ್ಟೋ ತಾಯಂದಿರು "ಸತ್ತವರ ಹೆಸರಲ್ಲಿ ದುಡ್ಡು ಕೇಳುವುದಾ" ಎಂದು ಹಿಂದೆ ಸರಿಯುತ್ತಾರೆ. ಅದು ಭಿಕ್ಷೆ ಅಲ್ಲ. ಡಿಸೆಂಬರ್ 7ರ ಧ್ವಜ ದಿನದಂದು ಜನ ಕೊಡುವ ಹಣ ಇರುವುದೇ ಇಂಥ ಕುಟುಂಬಗಳಿಗಾಗಿ.

ಸೈನಿಕರಿಗೆಂದೇ ಬೇರೆ ಸ್ಮಶಾನ ಇದೆಯಾ?

ನಿವೃತ್ತ ಸೈನಿಕರಿಗೆ ಸರ್ಕಾರವೇ ಸ್ಮಶಾನದಲ್ಲಿ ಜಾಗ ಕೊಡುವ, ಸಮಾಧಿಗೆ ಕಲ್ಲು ಹಾಕಿಸಿಕೊಡುವ ವ್ಯವಸ್ಥೆ ಕೆಲವು ಹೊರದೇಶಗಳಲ್ಲಿದೆ. ನಮ್ಮಲ್ಲಿಲ್ಲ. ಊರಿನ ಎಲ್ಲರ ಹಾಗೆಯೇ ಇವರಿಗೂ. ಮಂಗಳೂರಿನವರು ಬೋಳೂರು ಅಥವಾ ನಂದಿಗುಡ್ಡೆಗೆ ಹೋಗುತ್ತಾರೆ. ಉಡುಪಿಯವರಿಗೆ ಬೀಡಿನಗುಡ್ಡೆ, ಇಂದ್ರಾಳಿ ಇವೆ. ಕ್ರೈಸ್ತರಿಗೆ ಅವರವರ ಚರ್ಚಿನ ಸಿಮಿತ್ರಿ, ಮುಸ್ಲಿಮರಿಗೆ ಅವರವರ ಜಮಾತಿನ ಖಬರಸ್ತಾನ. ಹಳ್ಳಿ ಕಡೆ ಮನೆಯ ಜಾಗದ ಮೂಲೆಯಲ್ಲೇ ಮಾಡುವವರೂ ಇದ್ದಾರೆ.

ಎಲ್ಲಿ ಮಾಡಿದರೂ ರಶೀದಿ ತೆಗೆದುಕೊಳ್ಳಿ. ಮರಣ ನೋಂದಣಿಗೂ ಸಹಾಯಧನದ ಅರ್ಜಿಗೂ ಅದು ಬೇಕಾಗಬಹುದು. ಮನೆಯ ಜಾಗದಲ್ಲಾದರೆ ಪಂಚಾಯಿತಿಗೆ ಆ ವಾರವೇ ತಿಳಿಸಿ.

ಸೇನಾ ಗೌರವ ಸಿಗುತ್ತದೆಯಾ? ಕುಶಾಲತೋಪು ಹಾರಿಸುತ್ತಾರಾ?

ಇದು ನನಗೆ ಬಂದ ಪ್ರಶ್ನೆಗಳಲ್ಲೇ ಮನಸ್ಸು ಭಾರ ಮಾಡುವಂಥದ್ದು. ಯಾಕೆಂದರೆ ಟಿವಿಯಲ್ಲಿ ನೋಡಿದ್ದು ನಮ್ಮ ಅಪ್ಪನಿಗೂ ಆಗುತ್ತದೆ ಎಂದು ಮಕ್ಕಳು ಕಾಯುತ್ತಾರೆ.

ಸೇವೆಯಲ್ಲಿರುವಾಗಲೇ ತೀರಿಕೊಂಡವರಿಗೆ ಸಾಮಾನ್ಯವಾಗಿ ಪೂರ್ಣ ಸೇನಾ ಗೌರವ ಇದೆ. ಘಟಕದವರು ದೇಹದ ಜೊತೆಗೇ ಬರುತ್ತಾರೆ. ಸೈನಿಕರು ಶೋಕ ಶಸ್ತ್ರ ಹಿಡಿದು, ಅಂದರೆ ಬಂದೂಕಿನ ತುದಿಯನ್ನು ನೆಲಕ್ಕೆ ಮಾಡಿ, ತಲೆ ಬಾಗಿಸಿ ನಿಲ್ಲುತ್ತಾರೆ. ಗಾಳಿಯಲ್ಲಿ ಮೂರು ಸುತ್ತು ಗುಂಡು ಹಾರುತ್ತದೆ. ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್ ನುಡಿಸುತ್ತಾರೆ. ಜಿಲ್ಲಾಧಿಕಾರಿ, ಪೊಲೀಸ್ ಅಧಿಕಾರಿಗಳು ಬಂದು ಹೂವಿಡುತ್ತಾರೆ.

ನಿವೃತ್ತರಾದ ಮೇಲೆ ಇದು ತಾನಾಗಿ ಸಿಗುವ ಹಕ್ಕಲ್ಲ. ಶೌರ್ಯ ಪ್ರಶಸ್ತಿ ಪಡೆದವರು, ಯುದ್ಧದಲ್ಲಿ ಗಾಯಗೊಂಡವರು, ದೊಡ್ಡ ಹುದ್ದೆಯಲ್ಲಿದ್ದವರು ತೀರಿಕೊಂಡರೆ ಸೈನಿಕ ಕಲ್ಯಾಣ ಕಚೇರಿಗೆ ಕೂಡಲೇ ತಿಳಿಸಿ. ಅಲ್ಲಿಂದ ಸೇನೆಯ ಸಂಬಂಧಪಟ್ಟ ಕಚೇರಿಗೆ ಸುದ್ದಿ ಹೋಗುತ್ತದೆ, ಹೂಗುಚ್ಛ ಇಡಲು ಯಾರನ್ನಾದರೂ ಕಳಿಸುವ ಏರ್ಪಾಡು ಆಗಬಹುದು. ಪೊಲೀಸ್ ಗೌರವ ಬೇಕೆಂದರೆ ಅದು ರಾಜ್ಯ ಸರ್ಕಾರದ ತೀರ್ಮಾನ. ಜಿಲ್ಲಾಧಿಕಾರಿ ಕಚೇರಿಯ ಮೂಲಕ ಕೇಳಬೇಕು. ಕರಾವಳಿಯಲ್ಲಿ ದೊಡ್ಡ ಸೇನಾ ಠಾಣೆ ಇಲ್ಲ ಎನ್ನುವುದನ್ನೂ ನೆನಪಿಡಿ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಇದೆ, ಕಾರವಾರದಲ್ಲಿ ನೌಕಾಪಡೆ ಇದೆ, ಪಣಂಬೂರಿನಲ್ಲಿ ಕೋಸ್ಟ್ ಗಾರ್ಡ್ ಇದೆ. ಬೆಳಗ್ಗೆ ತೀರಿಕೊಂಡವರ ಕ್ರಿಯೆ ಸಂಜೆ ಮಾಡುವ ನಮ್ಮ ಪದ್ಧತಿಯಲ್ಲಿ ದೂರದಿಂದ ತಂಡ ಬಂದು ಮುಟ್ಟುವುದು ಕಷ್ಟ.

ಅಪ್ಪನಿಗೆ ಬಂದದ್ದು ಏಳು ಜನ ಹಳೆಯ ಸೈನಿಕರು. ಇಬ್ಬರು ಕೋಲೂರಿಕೊಂಡು ಬಂದಿದ್ದರು. ಎಲ್ಲರೂ ಪದಕ ಧರಿಸಿ ಅಂಗಳದಲ್ಲಿ ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು. ಬಂದೂಕು ಇರಲಿಲ್ಲ, ಬ್ಯೂಗಲ್ ಇರಲಿಲ್ಲ. ಅಮ್ಮ ಇವತ್ತಿಗೂ ಆ ಸಾಲನ್ನೇ ನೆನೆಯುತ್ತಾರೆ. ಹಾಗಾಗಿ ಸಂಘದವರಿಗೆ ತಿಳಿಸುವುದನ್ನು ಮರೆಯಬೇಡಿ ಎಂದು ಮತ್ತೊಮ್ಮೆ ಹೇಳುತ್ತಿದ್ದೇನೆ.

ದೇಹದ ಮೇಲೆ ರಾಷ್ಟ್ರಧ್ವಜ ಹೊದಿಸಬಹುದಾ?

ಖಾಸಗಿ ಅಂತ್ಯಕ್ರಿಯೆಯಲ್ಲಿ ಹೊದಿಸುವ ಹಾಗಿಲ್ಲ. 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ ಪ್ರಕಾರ, ಸರ್ಕಾರಿ ಗೌರವದ, ಸಶಸ್ತ್ರ ಪಡೆಗಳ ಅಥವಾ ಅರೆಸೇನಾ ಪಡೆಗಳ ಅಂತ್ಯಕ್ರಿಯೆಯಲ್ಲಿ ಮಾತ್ರ ಧ್ವಜ ಹೊದಿಸಬಹುದು. ಬೇರೆ ಕಡೆ ಹೊದಿಸಿದರೆ ಅದು ಅಪರಾಧ, ಮೂರು ವರ್ಷದವರೆಗೆ ಶಿಕ್ಷೆ ಇದೆ. ಪ್ರೀತಿಯಿಂದ ಮಾಡಿದ್ದಾದರೂ ಕಾನೂನು ಕಾನೂನೇ ಅಲ್ವಾ.

ಗೌರವ ಮಂಜೂರಾಗಿ ಧ್ವಜ ಹೊದಿಸಿದರೆ ಕೇಸರಿ ಬಣ್ಣ ತಲೆಯ ಕಡೆ ಇರಬೇಕು. ಧ್ವಜವನ್ನು ಗುಂಡಿಗೆ ಇಳಿಸಬಾರದು, ಚಿತೆಯಲ್ಲಿ ಸುಡಬಾರದು. ಅದಕ್ಕೂ ಮೊದಲೇ ತೆಗೆದು ಮಡಚಿಡುತ್ತಾರೆ. ಗೌರವ ಸಿಗದ ಮನೆಯವರು ರೆಜಿಮೆಂಟಿನ ಟೋಪಿ, ಪದಕಗಳನ್ನು ಒಂದು ದಿಂಬಿನ ಮೇಲಿಟ್ಟು ಫೋಟೋದ ಪಕ್ಕ ಇಡಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಅಪ್ಪ ದುಬೈಯಲ್ಲಿ ಅಣ್ಣನ ಮನೆಯಲ್ಲಿದ್ದಾಗ ತೀರಿಕೊಂಡರು. ಊರಿಗೆ ತರುವುದು ಹೇಗೆ?

ಗಲ್ಫ್‌ನಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿ ಎಷ್ಟಿವೆ ಹೇಳಿ. ಅಲ್ಲಿನ ಮರಣ ಪ್ರಮಾಣಪತ್ರ, ದೇಹ ಕೆಡದಂತೆ ಮಾಡಿದ ಪ್ರಮಾಣಪತ್ರ, ಭಾರತೀಯ ದೂತಾವಾಸದ ನಿರಾಕ್ಷೇಪಣಾ ಪತ್ರ, ರದ್ದು ಮಾಡಿದ ಪಾಸ್‌ಪೋರ್ಟ್ ಇಷ್ಟು ಬೇಕು. ಖರ್ಚು ಭರಿಸಲಾಗದವರಿಗೆ ದೂತಾವಾಸದಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಅದು 2009ರಿಂದ ಇದೆ, ದೇಹವನ್ನು ಊರಿಗೆ ಕಳಿಸಲು ಬಳಸುತ್ತಾರೆ. ಸಾವನ್ನು ದೂತಾವಾಸದಲ್ಲೂ ನೋಂದಾಯಿಸಿಕೊಳ್ಳಿ. ಇಲ್ಲಿ ಪಿಂಚಣಿ ಕೆಲಸಕ್ಕೆ ಆ ಪತ್ರ ಸಲೀಸು.

ಮರಣ ಪ್ರಮಾಣಪತ್ರ ಎಲ್ಲಿ, ಎಷ್ಟು ದಿನದೊಳಗೆ?

21 ದಿನದೊಳಗೆ ನೋಂದಾಯಿಸಿದರೆ ಶುಲ್ಕ ಇಲ್ಲ. 30 ದಿನದವರೆಗೆ ಸಣ್ಣ ದಂಡ. ಆಮೇಲೆ ಅಧಿಕಾರಿಯ ಅನುಮತಿ ಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಆಸ್ಪತ್ರೆಯಲ್ಲಾದ ಸಾವನ್ನು ಆಸ್ಪತ್ರೆಯವರೇ ತಿಳಿಸುತ್ತಾರೆ. ಮನೆಯಲ್ಲಾದರೆ ನಗರದವರು ಪಾಲಿಕೆ ಅಥವಾ ನಗರಸಭೆಗೆ, ಹಳ್ಳಿಯವರು ಪಂಚಾಯಿತಿಗೆ ಹೋಗಬೇಕು.

ಇಲ್ಲೊಂದು ಎಚ್ಚರಿಕೆ. ಹೆಸರನ್ನು ಪಿಂಚಣಿ ಆದೇಶದಲ್ಲಿ, ಅಂದರೆ ಪಿಪಿಒದಲ್ಲಿ ಇರುವ ಹಾಗೆಯೇ ಬರೆಸಿ. ಊರಿನಲ್ಲಿ ಕರೆಯುವ ಹೆಸರು ಬರೆಸಬೇಡಿ. ಹೆಂಡತಿಯ ಹೆಸರಿನ ಕಾಲಂ ಕೂಡ ನೋಡಿ. ಹತ್ತು ಪ್ರತಿಯಾದರೂ ಮಾಡಿಸಿಟ್ಟುಕೊಳ್ಳಿ.

ಪಿಂಚಣಿ ಖಾತೆಯಿಂದ ಖರ್ಚಿಗೆ ದುಡ್ಡು ತೆಗೆಯಬಹುದಾ?

ಖಾತೆ ಅವರೊಬ್ಬರ ಹೆಸರಿನಲ್ಲಿದ್ದರೆ ಎಟಿಎಂ ಕಾರ್ಡ್ ಮುಟ್ಟಬೇಡಿ. ಜಂಟಿ ಖಾತೆಯಾದರೆ ಅಮ್ಮ ತಮ್ಮ ಹಕ್ಕಿನಿಂದ ತೆಗೆಯಬಹುದು. ಆದರೂ ಒಂದು ಲೆಕ್ಕ ತಿಳಿದಿರಿ. ಪಿಂಚಣಿ ಸಲ್ಲುವುದು ತೀರಿಕೊಂಡ ದಿನದವರೆಗೆ ಮಾತ್ರ. ಮರುದಿನದಿಂದ ಕುಟುಂಬ ಪಿಂಚಣಿ ಶುರು. ಸಾವಿನ ಸುದ್ದಿ ಹೋಗದೆ ಎರಡು ಮೂರು ತಿಂಗಳು ಪೂರ್ತಿ ಪಿಂಚಣಿ ಬಂದಿತು ಅಂದುಕೊಳ್ಳಿ. ಜಾಸ್ತಿ ಬಂದದ್ದನ್ನು ಆಮೇಲೆ ವಾಪಸ್ ಹಿಡಿಯುತ್ತಾರೆ. ಕುಟುಂಬ ಪಿಂಚಣಿಯ ಮೊದಲ ಕಂತುಗಳೇ ಅದಕ್ಕೆ ಹೋಗಿ, ಅಮ್ಮ ಬರಿಗೈಯಲ್ಲಿ ಕೂರಬೇಕಾಗುತ್ತದೆ.

ನಿವೃತ್ತಿಯಾಗುವಾಗ ಪಿಂಚಣಿಯ ಒಂದು ಭಾಗವನ್ನು ಮಾರಿ ಒಟ್ಟಿಗೆ ಹಣ ತೆಗೆದುಕೊಂಡಿರುತ್ತಾರಲ್ಲ, ಕಮ್ಯುಟೇಶನ್, ಅದರ ಬಾಕಿಯನ್ನು ಹೆಂಡತಿಯಿಂದ ಹಿಡಿಯುವುದಿಲ್ಲ. ಈ ಭಯ ಬೇಡ.

ಕುಟುಂಬ ಪಿಂಚಣಿ ಎಷ್ಟು ಬರುತ್ತದೆ?

ಎರಡು ದರಗಳಿವೆ. ಕೊನೆಯ ಸಂಬಳದ ಶೇಕಡಾ 50 ಹೆಚ್ಚಿನ ದರ, ಶೇಕಡಾ 30 ಸಾಮಾನ್ಯ ದರ. ನಿವೃತ್ತರಾದ ಮೇಲೆ ತೀರಿಕೊಂಡವರ ಕುಟುಂಬಕ್ಕೆ ಹೆಚ್ಚಿನ ದರ ಸಿಗುವುದು ಏಳು ವರ್ಷ, ಅಥವಾ ಅವರಿಗೆ 67 ತುಂಬುತ್ತಿದ್ದ ದಿನದವರೆಗೆ. ಎರಡರಲ್ಲಿ ಯಾವುದು ಮೊದಲೋ ಅದು. ಹೆಚ್ಚಿನ ದರವು ಅವರು ಪಡೆಯುತ್ತಿದ್ದ ಪಿಂಚಣಿಯನ್ನು ಮೀರುವ ಹಾಗಿಲ್ಲ.

ಲೆಕ್ಕ ಹಾಕಿ ನೋಡೋಣ. ಕೊನೆಯ ಸಂಬಳ 40,000 ರೂಪಾಯಿ ಎಂದುಕೊಳ್ಳಿ. ಹಳೆಯ ನಿವೃತ್ತರಾದರೆ ಇದು ಅಂದಿನ ಸಂಬಳವಲ್ಲ, ಈಗಿನ ವೇತನಕ್ಕೆ ಪರಿಷ್ಕರಿಸಿದ ಮೊತ್ತ. ಹೆಚ್ಚಿನ ದರ 20,000, ಸಾಮಾನ್ಯ ದರ 12,000. ಮೇಲೆ ತುಟ್ಟಿಭತ್ಯೆ ಬೇರೆ. ಅವರು 50ಕ್ಕೆ ತೀರಿಕೊಂಡರೆ ಏಳು ವರ್ಷ 20,000. 62ಕ್ಕೆ ತೀರಿಕೊಂಡರೆ ಐದೇ ವರ್ಷ. 70ಕ್ಕೆ ತೀರಿಕೊಂಡರೆ ಮೊದಲ ದಿನದಿಂದಲೇ 12,000. "ಅಮ್ಮನ ಪಿಂಚಣಿ ಇದ್ದಕ್ಕಿದ್ದ ಹಾಗೆ ಕಡಿಮೆಯಾಯಿತು, ಯಾರೋ ಮೋಸ ಮಾಡಿದರು" ಎಂದು ಗಾಬರಿಯಾಗುವವರಿದ್ದಾರೆ. ಹೆಚ್ಚಿನ ಸಲ ಹೆಚ್ಚಿನ ದರದ ಅವಧಿ ಮುಗಿದಿರುತ್ತದೆ, ಅಷ್ಟೇ.

ಕನಿಷ್ಠ ಕುಟುಂಬ ಪಿಂಚಣಿ 2016ರಿಂದ 9,000 ರೂಪಾಯಿ, ತುಟ್ಟಿಭತ್ಯೆ ಬೇರೆ. ಒಂದೇ ಹುದ್ದೆಯಲ್ಲಿ ಅಷ್ಟೇ ವರ್ಷ ದುಡಿದವರಿಗೆ, ನಿವೃತ್ತಿ ಯಾವಾಗ ಆಗಿದ್ದರೂ, ಒಂದೇ ಪಿಂಚಣಿ ಕೊಡುವ "ಒಂದು ಹುದ್ದೆ ಒಂದು ಪಿಂಚಣಿ" ಪರಿಷ್ಕರಣೆ ಕುಟುಂಬ ಪಿಂಚಣಿಗೂ ಇದೆ. ತಾಯಿಗೆ 80 ತುಂಬಿದರೆ ಶೇಕಡಾ 20 ಜಾಸ್ತಿ, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರಕ್ಕೆ ಎರಡು ಪಟ್ಟು. ಆದರೆ ಪಿಪಿಒದಲ್ಲಿ ತಾಯಿಯ ಹುಟ್ಟಿದ ದಿನಾಂಕ ಇದ್ದರೆ ಮಾತ್ರ ಇದು ತಾನಾಗಿ ಬರುತ್ತದೆ. ಹಳೆಯ ಪಿಪಿಒಗಳಲ್ಲಿ ಆ ಜಾಗ ಖಾಲಿ ಇರುವುದೇ ಹೆಚ್ಚು.

ಯಾವ ಕಾಯಿಲೆಗಾಗಿ ಅವರಿಗೆ ಅಂಗವೈಕಲ್ಯ ಪಿಂಚಣಿ ಬರುತ್ತಿತ್ತೋ ಅದರಿಂದಲೇ ಸಾವು ಬಂದಿದ್ದರೆ ಸುಮ್ಮನಿರಬೇಡಿ. ಶೇಕಡಾ 60ರ ವಿಶೇಷ ಕುಟುಂಬ ಪಿಂಚಣಿಗೆ ಕೇಳಬಹುದು. ಡಾಕ್ಟರ್ ಬರೆದ ಸಾವಿನ ಕಾರಣ ಅಲ್ಲಿ ಮುಖ್ಯವಾಗುತ್ತದೆ.

ಕುಟುಂಬ ಪಿಂಚಣಿಗೆ ಅರ್ಜಿ ಎಲ್ಲಿ ಹಾಕಬೇಕು?

ಈಗ ರಕ್ಷಣಾ ಪಿಂಚಣಿಗಳೆಲ್ಲ ಸ್ಪರ್ಶ್ ಎನ್ನುವ ವ್ಯವಸ್ಥೆಗೆ ಬಂದಿವೆ. ಪ್ರಯಾಗರಾಜ್‌ನ ರಕ್ಷಣಾ ಲೆಕ್ಕಪತ್ರ ಕಚೇರಿ ಅದನ್ನು ನಡೆಸುತ್ತದೆ. ಅಪ್ಪನ ಸ್ಪರ್ಶ್ ಖಾತೆಗೆ ಲಾಗಿನ್ ಇದ್ದರೆ ಮನೆಯಿಂದಲೇ ಸಾವಿನ ಮಾಹಿತಿ ಕೊಡಬಹುದು. ಇಲ್ಲದಿದ್ದರೆ ಸಾಮಾನ್ಯ ಸೇವಾ ಕೇಂದ್ರ, ಸ್ಪರ್ಶ್ ಸೇವೆ ಕೊಡುವ ಬ್ಯಾಂಕ್ ಶಾಖೆ ಅಥವಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಸಹಾಯವಾಣಿ 1800-180-5325.

ಮರಣ ಪ್ರಮಾಣಪತ್ರ, ಪಿಪಿಒ, ಡಿಸ್ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಪುಸ್ತಕ), ಅಮ್ಮನ ಆಧಾರ್, ಪ್ಯಾನ್, ಪಾಸ್‌ಬುಕ್, ಫೋಟೋ ಇಷ್ಟು ಒಯ್ಯಿರಿ. ಪಿಂಚಣಿ ಮಂಜೂರಾದ ಮೇಲೆ ಪ್ರತಿ ವರ್ಷ ನವೆಂಬರ್‌ನಲ್ಲಿ ಅಮ್ಮ ಜೀವಂತ ಪ್ರಮಾಣಪತ್ರ ಕೊಡಬೇಕು. ಅಪ್ಪ ಕೊಡುತ್ತಿದ್ದರಲ್ಲ, ಹಾಗೆಯೇ.

ಬ್ಯಾಂಕಿನ ಹೆಸರನ್ನೂ ಒಮ್ಮೆ ನೋಡಿ. ನಮ್ಮ ಕಡೆಯ ಹಳೆಯ ಪಿಪಿಒಗಳಲ್ಲಿ ಇನ್ನೂ ಸಿಂಡಿಕೇಟ್, ವಿಜಯಾ, ಕಾರ್ಪೊರೇಶನ್ ಎಂದೇ ಇರುತ್ತದೆ. ವಿಜಯಾ ಬ್ಯಾಂಕ್ 2019ರಲ್ಲಿ ಬರೋಡಾಕ್ಕೆ ಸೇರಿತು. ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಶಾಖೆಯ ಐಎಫ್‌ಎಸ್‌ಸಿ ಸಂಖ್ಯೆಯೂ ಬದಲಾಗಿದೆ. ಅರ್ಜಿಯಲ್ಲಿ ಹೊಸದನ್ನೇ ಬರೆಯಿರಿ.

ಅಮ್ಮನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇದೆ. ಏನು ಮಾಡುವುದು?

ನಮ್ಮ ಎಂಟು ತಿಂಗಳು ಹೋದದ್ದು ಇಲ್ಲಿಯೇ ಮಾರಾಯ್ರೇ. ಅಪ್ಪ ಮದುವೆಯಾದಾಗ ಸೇನೆಯಲ್ಲಿ ಅಮ್ಮನ ಹೆಸರನ್ನು "ಶೆಡ್ತಿ" ಎಂದು ಬರೆಸಿದ್ದರು. ಆಗ ಹೆಂಗಸರನ್ನು ಹಾಗೆಯೇ ಬರೆಯುತ್ತಿದ್ದರು. ಆಧಾರ್ ಮಾಡಿಸುವಾಗ ಅದು "ಶೆಟ್ಟಿ" ಆಯಿತು. ಊರಿನ ಯಾರಿಗೆ ಕೇಳಿದರೂ ಎರಡೂ ಒಂದೇ ಎನ್ನುತ್ತಾರೆ. ದೂರದ ಕಚೇರಿಯಲ್ಲಿ ಕೂತ ಗುಮಾಸ್ತರಿಗೆ ಅವು ಇಬ್ಬರು ಬೇರೆ ಹೆಂಗಸರು. ಪೂಜಾರ್ತಿ ಮತ್ತು ಪೂಜಾರಿ ಕೂಡ ಹಾಗೆಯೇ. ಕ್ರೈಸ್ತರ ಮನೆಗಳಲ್ಲಿ ದೀಕ್ಷಾಸ್ನಾನದ ಹೆಸರು ಒಂದು, ಮನೆಯಲ್ಲಿ ಕರೆಯುವುದು ಇನ್ನೊಂದು. ತವರಿನ ಕುಲನಾಮ, ಗಂಡನ ಕುಲನಾಮ, ಮನೆತನದ ಹೆಸರು, ಇನಿಶಿಯಲ್ ಎಲ್ಲ ಸೇರಿ ಒಬ್ಬರೇ ತಾಯಿ ನಾಲ್ಕು ಹೆಸರಿನವರಾಗುತ್ತಾರೆ.

ಒಂದು ಕಚೇರಿಯಲ್ಲಿ ಅಮ್ಮನನ್ನು "ನೀವೇ ಅವರ ಹೆಂಡತಿ ಎನ್ನುವುದಕ್ಕೆ ಏನು ಆಧಾರ" ಎಂದು ಕೇಳಿದರು. ನಲವತ್ತಾರು ವರ್ಷ ಸಂಸಾರ ಮಾಡಿದವರು. ಅವರು ಏನೂ ಹೇಳದೆ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದರು. ಇನ್ನೊಬ್ಬ ತಾಯಿ ಹಾಗೆ ಕೂರಬಾರದು ಎಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ದಾರಿ ಇದೆ. ಎರಡೂ ಹೆಸರು ಒಬ್ಬರದೇ ಎಂದು ನೋಟರಿಯಲ್ಲಿ ಅಫಿಡವಿಟ್ ಮಾಡಿಸಿ. ಎರಡೂ ಹೆಸರಿಗೆ ಸಾಕ್ಷಿಯಾಗುವ ಕಾಗದ ಸೇರಿಸಿ. ಮದುವೆ ಪತ್ರ, ಶಾಲೆಯ ದಾಖಲೆ, ಹಳೆಯ ರೇಷನ್ ಕಾರ್ಡ್, ಚರ್ಚಿನ ಮದುವೆ ಪುಸ್ತಕದ ಪ್ರತಿ, ಜಮಾತಿನ ನಿಕಾಹ್ ದಾಖಲೆ, ಯಾವುದಿದೆಯೋ ಅದು. ಸೈನಿಕ ಕಲ್ಯಾಣ ಕಚೇರಿಯ ಮೂಲಕ ಅಪ್ಪನ ಸೇವಾ ದಾಖಲೆ ಇಟ್ಟಿರುವ ರೆಕಾರ್ಡ್ ಆಫೀಸಿಗೆ ಕಳಿಸಿ. ರೆಕಾರ್ಡ್ ಆಫೀಸ್ ಯಾವುದು ಎನ್ನುವುದು ಡಿಸ್ಚಾರ್ಜ್ ಬುಕ್‌ನಲ್ಲಿರುತ್ತದೆ. ಮದ್ರಾಸ್ ಎಂಜಿನಿಯರ್ ಗ್ರೂಪಿನವರದು ಬೆಂಗಳೂರು, ಆರ್ಟಿಲರಿಯದು ನಾಸಿಕ್ ರೋಡ್, ಸಿಗ್ನಲ್ಸ್‌ನದು ಜಬಲ್ಪುರ, ಇಎಂಇಯದು (ಸೇನೆಯ ಯಂತ್ರ ದುರಸ್ತಿ ವಿಭಾಗ) ಸಿಕಂದರಾಬಾದ್. ನೌಕಾಪಡೆಯ ನಾವಿಕರದು ಮುಂಬೈ, ವಾಯುಪಡೆಯವರದು ದೆಹಲಿ. ಕಳಿಸಿದ ಪ್ರತಿ ಕಾಗದಕ್ಕೂ ಸ್ಪೀಡ್ ಪೋಸ್ಟಿನ ರಶೀದಿ ಇಟ್ಟುಕೊಳ್ಳಿ.

ಅಪ್ಪ ಇನ್ನೂ ಬದುಕಿದ್ದರೆ ಇದೇ ಕೆಲಸ ಎಷ್ಟೋ ಸುಲಭ. ಅವರ ಒಂದು ಸಹಿ ಸಾಕಾಗುತ್ತದೆ.

ನಿವೃತ್ತಿಯಾದ ಮೇಲೆ ಮದುವೆಯಾದವರು. ಹೆಂಡತಿಗೆ ಪಿಂಚಣಿ ಇದೆಯಾ?

ಇದೆ. ಆದರೆ ಹೆಸರು ಪಿಪಿಒಗೆ ಸೇರಿರಬೇಕು. ಸೇರಿಸಿಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿಸಿ.

ಅಮ್ಮ ಮೊದಲೇ ತೀರಿಕೊಂಡಿದ್ದಾರೆ. ಮಕ್ಕಳಿಗೆ ಸಿಗುತ್ತದೆಯಾ?

ಮಗನಾದರೆ 25 ವರ್ಷದವರೆಗೆ, ದುಡಿಮೆ ಇಲ್ಲದಿದ್ದರೆ. ಮದುವೆಯಾಗದ, ವಿಧವೆಯಾದ ಅಥವಾ ವಿಚ್ಛೇದನ ಪಡೆದ ಮಗಳಿಗೆ 25 ದಾಟಿದರೂ ಸಿಗುತ್ತದೆ. ಆದಾಯ ತಿಂಗಳಿಗೆ 9,000 ಮತ್ತು ಅದರ ಮೇಲಿನ ತುಟ್ಟಿಭತ್ಯೆಯನ್ನು ಮೀರಿರಬಾರದು. ಗಂಡ ತೀರಿಕೊಂಡದ್ದು ಅಥವಾ ವಿಚ್ಛೇದನದ ಕೇಸು ಹಾಕಿದ್ದು ತಂದೆ ತಾಯಿ ಬದುಕಿದ್ದಾಗಲೇ ಆಗಿರಬೇಕು. ದುಡಿದು ಬದುಕಲಾಗದ ಅಂಗವಿಕಲ ಮಗುವಿಗೆ ಜೀವನಪೂರ್ತಿ ಇದೆ. ಇಂಥ ಮಗು ಮನೆಯಲ್ಲಿದ್ದರೆ ವೈದ್ಯಕೀಯ ಪ್ರಮಾಣಪತ್ರ ಮಾಡಿಸಿ ಈಗಲೇ ಪಿಪಿಒಗೆ ಸೇರಿಸಿ. ತಂದೆ ತಾಯಿ ಇಬ್ಬರೂ ಹೋದ ಮೇಲೆ ಆ ಮಗುವಿನ ಪರವಾಗಿ ಓಡಾಡುವವರು ಯಾರು? ಹೆಂಡತಿ ಮಕ್ಕಳು ಯಾರೂ ಇಲ್ಲದಿದ್ದರೆ ಅವರನ್ನೇ ನಂಬಿದ್ದ ತಂದೆ ತಾಯಿಗೆ ಸಿಗುತ್ತದೆ.

ನಮ್ಮ ಕೆಲವು ಮನೆಗಳಲ್ಲಿ ಅಳಿಯಸಂತಾನದ ರೂಢಿ ಇನ್ನೂ ಮನಸ್ಸಿನಲ್ಲಿದೆ. ಅಕ್ಕನ ಮಗನಿಗೆ ಕೊಡಬೇಕು ಎಂದು ಅಪ್ಪ ಉಯಿಲು ಬರೆದಿರಬಹುದು. ಕುಟುಂಬ ಪಿಂಚಣಿ ಉಯಿಲಿನಿಂದ ಯಾರಿಗೂ ಹೋಗುವುದಿಲ್ಲ. ನಿಯಮದಲ್ಲಿ ಹೇಳಿದವರಿಗೆ ಮಾತ್ರ.

ಅಪ್ಪ ಸೇನೆಯ ನಂತರ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದರು. ಎರಡೂ ಕಡೆಯ ಕುಟುಂಬ ಪಿಂಚಣಿ ಬರುತ್ತದೆಯಾ?

ಬರುತ್ತದೆ. 2012ರ ಸೆಪ್ಟೆಂಬರ್ 24ರಿಂದ ಸೇನೆಯ ಕುಟುಂಬ ಪಿಂಚಣಿಯ ಜೊತೆಗೆ ಎರಡನೇ ನೌಕರಿಯದನ್ನೂ ಪಡೆಯಲು ಅವಕಾಶವಿದೆ. ಅದಕ್ಕೂ ಮೊದಲು ಒಂದನ್ನು ಬಿಟ್ಟುಕೊಟ್ಟಿದ್ದ ತಾಯಂದಿರು ಈಗ ಕೇಳಬಹುದು. ಖಾಸಗಿ ಸೆಕ್ಯೂರಿಟಿ ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ದರೆ ಪಿಎಫ್ ಕಚೇರಿಗೂ ಹೋಗಿ. ಪಿಎಫ್ ಹಣದ ಜೊತೆಗೆ ಅಲ್ಲಿ 7 ಲಕ್ಷದವರೆಗೆ ವಿಮೆ ಇದೆ. ಇದನ್ನು ಹೇಳುವವರೇ ಇರುವುದಿಲ್ಲ.

ವಿಮೆ ಏನಾದರೂ ಇರುತ್ತದೆಯಾ?

ಮೂರೂ ಪಡೆಗಳಲ್ಲಿ ಗುಂಪು ವಿಮೆ ಇದೆ. ನಿವೃತ್ತಿಯಾಗುವಾಗ ಒಂದು ಮೊತ್ತ ಹಿಡಿದುಕೊಂಡು, ಆಮೇಲೆ ಕೆಲವು ವರ್ಷಗಳವರೆಗೆ ವಿಮೆ ಮುಂದುವರಿಸುತ್ತಾರೆ. ಅದರ ಪತ್ರ ಮನೆಯಲ್ಲಿ ಎಲ್ಲೋ ಇರುತ್ತದೆ. ಅವಧಿ ಎಲ್ಲಿಯವರೆಗೆ ಎನ್ನುವುದು ಅದರಲ್ಲೇ ಇದೆ. ಅವಧಿಯೊಳಗೆ ತೀರಿಕೊಂಡಿದ್ದರೆ ನಾಮಿನಿಗೆ ಪೂರ್ತಿ ಮೊತ್ತ. ಅಪಘಾತವಾದರೆ ಬ್ಯಾಂಕಿನಲ್ಲೂ ಕೇಳಿ. ರಕ್ಷಣಾ ಪಿಂಚಣಿ ಖಾತೆಗಳಿಗೆ ಹಲವು ಬ್ಯಾಂಕುಗಳು ಉಚಿತ ಅಪಘಾತ ವಿಮೆ ಕೊಡುತ್ತವೆ. ಅದಕ್ಕೆ ಗಡುವು ಇರುತ್ತದೆ, ತಡ ಮಾಡಬೇಡಿ.

ನಮ್ಮ ಅಜ್ಜ ಪಿಂಚಣಿ ಇಲ್ಲದೆ ಬಂದವರು. ಅಜ್ಜಿಗೆ ಏನಾದರೂ ಸಿಗುತ್ತದೆಯಾ?

65 ದಾಟಿದ, ಪಿಂಚಣಿ ಇಲ್ಲದ, ಹವಾಲ್ದಾರ್ ಅಥವಾ ಅದಕ್ಕೆ ಸಮನಾದ ರ‍್ಯಾಂಕಿನವರೆಗಿನ ಮಾಜಿ ಸೈನಿಕರಿಗೆ, ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ ಬಡತನದ ಸಹಾಯಧನ ಇದೆ. ಮೊದಲು ತಿಂಗಳಿಗೆ 4,000 ಇತ್ತು. 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ 8,000. ಮಕ್ಕಳ ಓದಿಗೆ ತಿಂಗಳಿಗೆ 2,000, ಇಬ್ಬರು ಮಕ್ಕಳವರೆಗೆ. ಮಗಳ ಮದುವೆಗೆ 1 ಲಕ್ಷ. ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕು, ಪರಿಶೀಲನೆ ಮಂಗಳೂರಿನ ಕಚೇರಿಯಲ್ಲಿ.

ಅಮ್ಮನಿಗೆ ಆಸ್ಪತ್ರೆ, ಕ್ಯಾಂಟೀನ್ ಸೌಲಭ್ಯ ಮುಂದುವರಿಯುತ್ತದೆಯಾ?

ಮುಂದುವರಿಯುತ್ತದೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನಲ್ಲಿ ಅಪ್ಪನ ಕಾರ್ಡ್ ಒಪ್ಪಿಸಿ, ಅಮ್ಮನನ್ನೇ ಮುಖ್ಯ ಸದಸ್ಯೆಯಾಗಿ ಮಾಡಿಸಿಕೊಳ್ಳಿ. ಕ್ಯಾಂಟೀನ್ ಕಾರ್ಡನ್ನೂ ಹೊಸದಾಗಿ ಮಾಡಿಸಬೇಕು. ಎರಡಕ್ಕೂ ಮೊದಲು ಸೈನಿಕ ಕಲ್ಯಾಣ ಕಚೇರಿಯಿಂದ ವಿಧವೆಯ ಗುರುತಿನ ಚೀಟಿ ಬೇಕು.

ಮನೆಯಲ್ಲಿ ಅವರ ಹೆಸರಿನ ಕೋವಿ ಇದೆ.

ತೋಟಕ್ಕೆಂದು ಪರವಾನಗಿ ಮಾಡಿಸಿಕೊಂಡವರು ಬಹಳ ಇದ್ದಾರೆ. ಅವರು ಹೋದ ಮೇಲೆ ಅದು ಮನೆಯಲ್ಲಿರುವುದು ಕಾನೂನಿಗೆ ವಿರುದ್ಧ. ತಡ ಮಾಡದೆ ಠಾಣೆಯಲ್ಲಿ ಒಪ್ಪಿಸಿ ರಶೀದಿ ತೆಗೆದುಕೊಳ್ಳಿ. ಮಗನ ಹೆಸರಿಗೆ ಬೇಕಿದ್ದರೆ ಆಮೇಲೆ ಅರ್ಜಿ ಹಾಕಬಹುದು.

ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ?

ಅದು ಬೇರೆಯೇ ಲೆಕ್ಕ. ದೇಹವನ್ನು ಊರಿಗೆ ತರುವುದು ಸೇನೆಯ ಹೊಣೆ. ಕರ್ತವ್ಯದ ವೇಳೆ ಅಪಘಾತದಲ್ಲಿ ಅಥವಾ ಭಯೋತ್ಪಾದಕರ ದಾಳಿಯಲ್ಲಿ ತೀರಿಕೊಂಡರೆ ಕೇಂದ್ರದ ಪರಿಹಾರ 25 ಲಕ್ಷ, ಗಡಿ ಚಕಮಕಿಯಲ್ಲಾದರೆ 35 ಲಕ್ಷ, ಯುದ್ಧದಲ್ಲಿ ಶತ್ರುವಿನಿಂದಾದರೆ 45 ಲಕ್ಷ. ಕಾರ್ಯಾಚರಣೆಯಲ್ಲಿ ಮಡಿದವರ ಕುಟುಂಬಕ್ಕೆ ಕೊನೆಯ ಸಂಬಳದಷ್ಟೇ ಪಿಂಚಣಿ. ನಾಲ್ಕು ವರ್ಷದ ಸೇವೆಗೆ ಸೇರುವ ಅಗ್ನಿವೀರರಿಗೆ 48 ಲಕ್ಷದ ವಿಮೆ ಇದೆ. ಇದರಲ್ಲಿ ಘಟಕದವರೇ ಕೈ ಹಿಡಿದು ನಡೆಸುತ್ತಾರೆ.

ಪದಕ, ಸಮವಸ್ತ್ರ, ಟ್ರಂಕ್ ಏನು ಮಾಡುವುದು?

ದುಃಖದಲ್ಲಿ ಪದಕಗಳನ್ನು ಚಿತೆಗೆ ಹಾಕಿದವರಿದ್ದಾರೆ. ಬೇಡ, ಮೊಮ್ಮಕ್ಕಳಿಗೆ ಇರಲಿ. ಜುಲೈ 26ರ ಕಾರ್ಗಿಲ್ ದಿನ ಮಂಗಳೂರಿನಲ್ಲಿ ಕದ್ರಿಯ ಯುದ್ಧ ಸ್ಮಾರಕದಲ್ಲಿ, ಉಡುಪಿಯಲ್ಲಿ ಅಜ್ಜರಕಾಡಿನ ಸ್ಮಾರಕದಲ್ಲಿ ಸೇರುತ್ತಾರೆ. ಅವತ್ತು ಮಕ್ಕಳನ್ನು ಕರೆದುಕೊಂಡು ಹೋಗಿ.

ಟ್ರಂಕನ್ನು ಮಾತ್ರ ಯಾರಿಗೂ ಕೊಡುವ ಮೊದಲು ತಳದವರೆಗೆ ಖಾಲಿ ಮಾಡಿ ನೋಡಿ. ಬಿಳಿ ಬಣ್ಣದಲ್ಲಿ ನಂಬರ್, ಹೆಸರು ಬರೆದ ಆ ಕಪ್ಪು ಟ್ರಂಕ್ ನಮ್ಮ ಅಟ್ಟದಲ್ಲಿತ್ತು. ಏಳನೇ ತಿಂಗಳಲ್ಲಿ ಅದನ್ನು ಕೆಳಗಿಳಿಸಿದೆವು. ಕೋಟಿನ ಅಡಿಯಲ್ಲಿ, ಹಾಸಿದ್ದ ಹಳೆಯ ಪೇಪರಿನ ಕೆಳಗೆ, ಅಮ್ಮನ ಹೆಸರು ಸೇರಿಸಿದ ಪಾರ್ಟ್ ಟು ಆರ್ಡರ್‌ನ, ಅಂದರೆ ಸೈನಿಕರ ಮದುವೆ, ಮಕ್ಕಳ ವಿವರ ದಾಖಲಿಸುವ ಸೇನೆಯ ಆದೇಶದ ಪ್ರತಿ ಸಿಕ್ಕಿತು. ಮದುವೆಯ ದಿನದ ಜೋಡಿ ಫೋಟೋ ಅದಕ್ಕೆ ಪಿನ್ ಮಾಡಿತ್ತು.